ನಡಾವಳಿ

ಫೆಬ್ರವರಿ, ಎರಡನೆಯ ಮಂಗಳವಾರ, ಸಂಜೆ ಆರೂವರೆ.
ಸೇಂಟ್ ಬಾರ್ನಬಾಸ್ ಚರ್ಚಿನ ನೆಲಮಾಳಿಗೆ, ಮೇನ್ ರಾಜ್ಯದ ಕಡಲಂಚು.
ಅಧ್ಯಕ್ಷತೆ: ರೆಕ್ಟರ್ ಮಿರಿಯಮ್ ಹಾಲ್ಸಿ.
ಹಾಜರು: ವೆಸ್ಟ್ರಿಯ ಒಂಬತ್ತರಲ್ಲಿ ಏಳು ಜನ.
ಗೈರಾದವರಲ್ಲಿ ಒಬ್ಬನ ದೋಣಿ ಮಂಜುಗಡ್ಡೆಗೆ ಸಿಕ್ಕಿಕೊಂಡಿತ್ತು,
ಇನ್ನೊಬ್ಬಳಿಗೆ ರೆಕ್ಟರ್ ಮೇಲೆ ಮುನಿಸು.
ಕೋರಂ ಇದೆ ಎಂದಷ್ಟೇ ಬರೆದೆ.

ಪ್ರಾರ್ಥನೆ ಚಿಕ್ಕದಿತ್ತು, ಚಳಿ ದೊಡ್ಡದು.
ಕಾಫಿ ಹಂಡೆಗೆ ಅಂಗೈ ಒತ್ತಿ ನಿಂತು
ಕಿರಿಯ ವಾರ್ಡನ್ ವಿನ್‌ಸ್ಲೋ ಆಲಿ
ಬಾಯ್ಲರಿನ ಸಮಾಚಾರ ಹೇಳಿದ,
ಆಸ್ಪತ್ರೆಯಲ್ಲಿರುವ ಅತ್ತೆಯದನ್ನು ಹೇಳುವ ಹಾಗೆ:
ಇವತ್ತು ಪರವಾಗಿಲ್ಲ, ನಾಳೆಯದು ಹೇಳಲಾರೆ.
ಅವನ ರಬ್ಬರ್ ಬೂಟಿನಿಂದ ನೀರಿಳಿದು
ಹಳೆಯ ನೆಲಹಾಸಿನ ಮೇಲೆ ಒಂದು ನಕ್ಷೆ ಬಿಡಿಸಿತು,
ನಮ್ಮ ಕೊಲ್ಲಿಯದೇ ಇರಬೇಕು, ದ್ವೀಪಗಳ ಸಮೇತ.

ಖಜಾಂಚಿ ಡಾರ್ಕಸ್ ಪೆಟ್ಟೆಗ್ರೋ ಲೆಕ್ಕ ಓದಿದಳು.
ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಟವಾಡೆ ಮಾಡಿದವಳು,
ಒಂದು ಸೆಂಟ್ ಹೆಚ್ಚುಕಮ್ಮಿಯಾದರೆ ನಿದ್ದೆ ಬಾರದವಳು.
ಎಣ್ಣೆ ಮಾರ್ಚ್ ಹತ್ತರವರೆಗೆ ಸಾಕು.
ದತ್ತಿ ಹಣ ಇದೆ, ಆದರೆ ಅದು ಆರ್ಗನ್ನಿಗೆ ಮಾತ್ರ,
ಸತ್ತ ಮಿಸೆಸ್ ಲಂಟ್ ಉಯಿಲಿನಲ್ಲಿ ಹಾಗೆ ಬರೆದಿದ್ದಾಳೆ.
ಆರ್ಗನ್ ನುಡಿಸುವವನು ಊರು ಬಿಟ್ಟು ನಾಲ್ಕು ವರ್ಷ.

ಆಮೇಲೆ ರೆಕ್ಟರ್ ಹೇಳಿದಳು:
ಡಾಕ್ ರಸ್ತೆಯ ಕೊನೆಗೆ ಮೂರು ಕಾರು ನಿಂತಿವೆ.
ಒಳಗೆ ಜನ ಮಲಗುತ್ತಾರೆ. ಒಂದರಲ್ಲಿ ಕೂಸು.
ಈ ನೆಲಮಾಳಿಗೆ ರಾತ್ರಿ ಹೊತ್ತು ಖಾಲಿ.

ಯಾರೂ ಉಸಿರೆತ್ತಲಿಲ್ಲ. ಕಟ್ಟಳೆ ಎಲ್ಲರಿಗೂ ಗೊತ್ತು.
ಬೀಗದ ಕೈ ಅವಳದು:
ಯಾವ ಆರಾಧನೆ, ಯಾವ ಕೀರ್ತನೆ, ಕಟ್ಟಡದೊಳಗೆ ಯಾರು ಯಾವಾಗ,
ನಾವು ಬಾಯಿ ಹಾಕುವಂತಿಲ್ಲ.
ಚೀಲದ ದಾರ ನಮ್ಮದು:
ಎಣ್ಣೆ, ಸೂರು, ಅವಳ ಸಂಬಳ ಕೂಡ,
ಅವಳು ಕೈ ಹಾಕುವಂತಿಲ್ಲ.
ಬಾಗಿಲು ಅವಳದು, ಬೆಂಕಿ ನಮ್ಮದು.
ಹೀಗೆ ಸೀಳಿಟ್ಟವರು ಜಾಣರೋ ಅಂಜುಬುರುಕರೋ
ಇಪ್ಪತ್ತೆರಡು ವರ್ಷ ನಡಾವಳಿ ಬರೆದರೂ ನನಗೆ ತಿಳಿದಿಲ್ಲ.
ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ,
ನಮ್ಮಲ್ಲಿ ಪೂಜಾರಿ ಕೊಟ್ಟ ಮೇಲೂ ಖಜಾಂಚಿ ಕೊಡಬೇಕು.

ಹಿರಿಯ ವಾರ್ಡನ್ ಓರಿನ್ ಬೀಲ್ ಕೆಮ್ಮಿದ.
ಅವಳನ್ನು ಈ ಊರಿಗೆ ಆರಿಸಿ ತಂದ ಸಮಿತಿಗೆ ಅವನೇ ಮುಖ್ಯಸ್ಥ;
ನಮ್ಮ ದೂರು ಅವಳಿಗೆ ಮುಟ್ಟಿಸುವವನೂ
ಅವಳ ದಣಿವು ನಮಗೆ ಮುಟ್ಟಿಸುವವನೂ.
ವಿಮೆಯವರನ್ನು ಕೇಳೋಣ ಎಂದ.
ಬಿಷಪ್ ಕಚೇರಿಗೊಂದು ಮಾತು ಎಂದ.
ಕೊನೆಗೆ ಸೂಚನೆಯನ್ನೂ ಅವನೇ ಮಂಡಿಸಿದ:
ರಾತ್ರಿಯ ಎಣ್ಣೆಗೆ ಒಂಬೈನೂರು ಡಾಲರ್.

ಪರ ಮೂರು. ವಿರುದ್ಧ ನಾಲ್ಕು.
ಹೆಸರು ಬರೆಯುವ ರೂಢಿಯಿಲ್ಲ.
ನಾಲ್ಕನೆಯ ಕೈ ನನ್ನದು.
ಇನ್ನೊಂದರಲ್ಲಿ ಪೆನ್ನು ಇತ್ತು.

ಅವಳು ಬೇಸರಿಸಲಿಲ್ಲ, ಅಥವಾ ತೋರಿಸಲಿಲ್ಲ.
ಆಶೀರ್ವಾದ ಹೇಳಿ, ಕೋಟು ತೊಟ್ಟು,
ಮೆಟ್ಟಿಲ ಮೇಲಿಂದ ತಿರುಗಿ ಅಂದಳು:
ಎಂಟಕ್ಕೆ ಬಾಗಿಲು ತೆರೆಯುತ್ತೇನೆ. ಅದಕ್ಕೆ ಮತ ಬೇಕಿಲ್ಲ.

ನನಗೆ ನಿದ್ದೆ ಹತ್ತಲಿಲ್ಲ. ಹನ್ನೊಂದಕ್ಕೆ ಎದ್ದು ಹೋದೆ,
ಸುಮ್ಮನೆ ನೋಡಿ ಬರಲು ಎಂದುಕೊಂಡು,
ತೋಳಲ್ಲಿ ಎರಡು ರಜಾಯಿ.
ಬಾಯ್ಲರ್ ಆರಿತ್ತು. ಸಭೆಯ ತೀರ್ಮಾನದಂತೆ
ಅದನ್ನು ಆರಿಸಿದವನು ವಿನ್‌ಸ್ಲೋನೇ,
ವಿರುದ್ಧ ಎದ್ದ ಕೈಗಳಲ್ಲಿ ಮೊದಲನೆಯದು ಅವನದು.
ಈಗ ತನ್ನ ಬಲೆ ಗುಡಿಸಲಿನ ಸೀಮೆಎಣ್ಣೆ ಒಲೆ ಹೊತ್ತು ತಂದು,
ಕಿಟಕಿಯೊಂದನ್ನು ಬೆರಳಗಲ ತೆರೆದು,
ಕುಕ್ಕರಗಾಲಿನಲ್ಲಿ ಕೂತಿದ್ದ,
ಬತ್ತಿ ಇಳಿಸುವುದು ಹೇಗೆಂದು ಕೂಸಿನ ತಾಯಿಗೆ ತೋರಿಸುತ್ತ.
ಡಾರ್ಕಸ್ ಬಂದಿರಲಿಲ್ಲ. ಬರುವವಳೂ ಅಲ್ಲ.
ಅವಳ ಲೆಕ್ಕ ತಪ್ಪಿರಲೂ ಇಲ್ಲ.
ವಿನ್‌ಸ್ಲೋ ತಲೆ ಎತ್ತದೆ ಕೇಳಿದ:
ಇದನ್ನೂ ಬರೀತೀಯಾ?

ಮಾರ್ಚ್, ಎರಡನೆಯ ಮಂಗಳವಾರ.
ಕಳೆದ ಸಭೆಯ ನಡಾವಳಿ ಓದಿದೆ.
ಕಟ್ಟಡದ ಬಳಕೆ: ರೆಕ್ಟರರ ವಿವೇಚನೆ.
ಎಣ್ಣೆ: ಹೆಚ್ಚುವರಿ ಖರ್ಚಿಲ್ಲ.
ತಿದ್ದುಪಡಿ ಇದೆಯೇ, ಕೇಳಿದಳು.
ವಿನ್‌ಸ್ಲೋ ಉಗುರಿನ ಮಸಿ ನೋಡಿಕೊಂಡ.
ಓರಿನ್ ಕೆಮ್ಮಿದ.
ಗೋಡೆಯಾಚೆ ಕೂಸು ಅಳುತ್ತಿತ್ತು, ಆಮೇಲೆ ಅಳಲಿಲ್ಲ.
ಓದಿದಂತೆ ಅಂಗೀಕರಿಸಲಾಯಿತು.