ಯಾರ ಪೈಕಿ

ತಿರುಮಕೂಡಲಿನ ಈಚೆ ದಡ, ನಾಲ್ಕನೇ ಗುಂಡಿ.
ಬೂದುಮಣ್ಣಿನಡಿ ಮೊಣಕಾಲು ಮಡಚಿ
ಮಲಗಿದ್ದವನ ದವಡೆ ಸಿಕ್ಕಿತು ಮೊದಲು.

ಜರಡಿ ಕೆಳಗಿಟ್ಟು ದೊಡ್ಡತಾಯಮ್ಮ ಬಗ್ಗಿ ಕೇಳಿದಳು,
ಊರಿಗೆ ಬಂದ ಹೊಸಬರನ್ನು ಕೇಳುವ ಹಾಗೇ:
‘ಯಾರ ಪೈಕಿ ನೀನು?’

ನಾನು ಬರೆದುಕೊಂಡೆ: ಗಂಡು. ಮೂವತ್ತರ ಆಸುಪಾಸು.
ಹಲ್ಲು ನುಣ್ಣಗೆ ಸವೆದಿದೆ, ಅರೆಯುವ ಕಲ್ಲುದುರಿಸಿದ ಮರಳಿಗೆ.
ಕುಲ, ಒಕ್ಕಲು?
ಆ ಕಾಲಂ ನನ್ನ ಹಾಳೆಯಲ್ಲಿಲ್ಲ.

‘ಅಗ್ದೂ ಅಗ್ದೂ ಸವೆಸ್ಕಂಡವ್ನೆ,
ನುಂಗೋದ ಯಾರೂ ಕಲಿಸ್ನಿಲ್ಲ, ಪಾಪ.’

ಮಧ್ಯಾಹ್ನ ಅವಳದೇ ಬುತ್ತಿ. ಮುದ್ದೆ, ಹುರುಳಿಸಾರು.
ನುಂಗುವುದು ನನಗೂ ಬಾರದು.
ಕಟಕ್ಕೆಂದಿತು ಹಲ್ಲಿನಡಿ ಒಂದು ಹರಳು.

ಸೆರಗಲ್ಲಿ ಬಾಯಿ ಒರೆಸಿಕೊಂಡು ನಕ್ಕಳು:
‘ಗೊತ್ತಾಯ್ತು ಬುಡಿ,
ನೀವು ಯಾರ ಪೈಕಿ ಅಂತ.’