ಇದ್ದಿಲು

ಪಂಚಾಯ್ತಿ ಮೇಜಿನ ಮೇಲೆ ನಾನು ಹರಡಿದ್ದು
ಐನೂರು ಕರಪತ್ರ, ಒಂದು ಬೀದಿನಾಟಕ,
ಕಣ್ಣೀರು ಸುರಿಸುವ ನಲ್ಲಿಯ ಬಣ್ಣದ ಚಿತ್ರ.

ನೀರುಗಂಟಿ ಮರುಳಪ್ಪ ಕರಪತ್ರವೊಂದನ್ನೆತ್ತಿ
ಅದರಲ್ಲೇ ಎಲೆಅಡಿಕೆ ಕಟ್ಟಿಕೊಂಡ.
"ಬಾಣಾವರದಲ್ಲಿ ನೀರಿನ ಮಾತಾಡಬೇಕಂದ್ರೆ
ನಾಲ್ಕೂವರೆಗೆ ಏಳಬೇಕು ಮೇಡಂ."

ಎದ್ದೆ. ಕತ್ತಲಲ್ಲಿ ವಾಲ್ವಿನ ಗುಂಡಿ,
ಅವನ ಕೈಯಲ್ಲಿ ಮೂರಡಿ ಕೀಲಿ.
ಕೊಡಗಳ ಸಾಲು ನನ್ನ ಭಾಷಣಕ್ಕೆ ಆಕಳಿಸಿತು.

ಕೊನೆಯಲ್ಲಿದ್ದ ಮೆಹಬೂಬಿ ಮಾತ್ರ ಕೇಳಿದಳು:
"ಉಳಿಸಿ ಅಂತೀರಲ್ಲ, ಬಂದ್ರೆ ತಾನೆ ಉಳಿಸೋದು?
ಯಾವ ಬೀದಿಗೆ ಎಷ್ಟು ಕೊಡ, ಅದನ್ನ ಬರೀರಿ."

ಒಂದು ವಾರ ಎಣಿಸಿದೆವು.
ಟ್ಯಾಂಕಿನ ಗೋಡೆಗೆ ಇದ್ದಿಲಲ್ಲಿ ಬರೆದೆವು:
ಪೇಟೆಬೀದಿ, ಮನೆಗೆ ಇಪ್ಪತ್ತೆರಡು.
ಕೋಟೆಬೀದಿ, ಹದಿನಾಲ್ಕು.
ಕೆರೆ ಹಿಂದಿನ ಸಾಲು, ಮೂರು.
ಘೋಷಣೆ ಇಲ್ಲ. ಅಳುವ ನಲ್ಲಿಯೂ ಇಲ್ಲ.

ಜನ ನಿಂತು ಓದಿದರು. ಒಬ್ಬರು ಉಗಿದರು.
ರಾತ್ರಿ ಯಾರೋ ಇಪ್ಪತ್ತೆರಡನ್ನು ಉಜ್ಜಿ ಹೋದರು,
ಬೆಳಗ್ಗೆ ಮರುಳಪ್ಪ
ಇನ್ನಷ್ಟು ದಪ್ಪಗೆ ಬರೆದ.

ನಾಲ್ಕನೆಯ ದಿನ
ಪೇಟೆಬೀದಿಯ ವಕೀಲರ ಸೊಸೆ
ನಲ್ಲಿಗೆ ಕಟ್ಟಿದ್ದ ಮೋಟಾರಿನ ಪೈಪು ಕಿತ್ತು, ಸುರುಳಿ ಸುತ್ತಿ,
ಯಾರ ಮುಖವನ್ನೂ ನೋಡದೆ
ಒಳಗೆ ಹೋದಳು.

ಕರಪತ್ರ ಇನ್ನೂ ನಾನೂರ ತೊಂಬತ್ತೊಂಬತ್ತಿವೆ.
ಮೂರನ್ನಳಿಸಿ ಐದು ಬರೆಯಬೇಕು,
ಇದ್ದಿಲು ಸಾಲದೆ
ಮೆಹಬೂಬಿಯ ಒಲೆಯ ಬಳಿ ನಿಂತಿದ್ದೇನೆ.