ನೆರಳಿನ ಮಡಿ

ವರ್ಷಕ್ಕೆ ಎರಡೇ ದಿನ ನಮ್ಮ ಸೀಮೆಯಲ್ಲಿ
ಸೂರ್ಯ ನಡುನೆತ್ತಿಗೆ ಮೊಳೆ ಹೊಡೆದಂತೆ ನಿಲ್ಲುತ್ತಾನೆ.
ಅಶ್ವಿನಿ ಮುಗಿದು ಭರಣಿ ಕಾಲಿಡುವ ಮೊದಲೊಂದು,
ಮಖೆಯಲ್ಲೊಂದು, ಅದು ಹೆಚ್ಚಾಗಿ ಮೋಡದ ಪಾಲು.
ಆ ಹೊತ್ತು ನೆರಳು ಅಂಗಾಲಿನಡಿ ಮುದುಡಿ
ಮಾಯ್ದ ಗಾಯದ ಹಕ್ಕಳೆಯಂತೆ ಸಡಿಲವಾಗುತ್ತದೆ.
ಉಗುರು ತಾಗಿಸಿದರೆ ಸಾಕು, ಬರುತ್ತದೆ.

ಒಗೆದು ಮತ್ತೆ ಅಂಟಿಸಲು
ಒಂದು ಎಲೆಅಡಿಕೆ ಅಗಿದು ಉಗಿಯುವಷ್ಟು ಹೊತ್ತು.
ಆಮೇಲೆ ಸೂರ್ಯ ವಾಲುತ್ತಾನೆ. ಯಾರಿಗೂ ಕಾಯುವವನಲ್ಲ.

ದೊಡ್ಡಗದ್ದವಳ್ಳಿ ಕೆರೆಯ ದಂಡೆಯಲ್ಲಿ
ನಮ್ಮ ಬಳಪದ ಕಲ್ಲು. ಗುಡಿ ಕಟ್ಟಿದವರು
ಸೀಳು ಬಿಟ್ಟಿದೆಯೆಂದು ಎಸೆದುಹೋದದ್ದು.
ಏಳು ತಲೆಮಾರಿನ ಮಡಿವಾಳಗಿತ್ತಿಯರ ಮೊಣಕೈ ಸವೆಸಿ
ಈಗ ತೊಟ್ಟಿಲಿನಂತೆ ತಗ್ಗು.
"ಚೌಳು ಎರಡು ಹಿಡಿ, ಅಂಟುವಾಳದ ನೊರೆ ಒಂದು ಹಿಡಿ,
ಉಬ್ಬೆಗೆ ಮಾತ್ರ ಹಾಕಬೇಡ," ಅತ್ತೆ ಚೌಡಾಜಮ್ಮ ಹೇಳಿಕೊಟ್ಟದ್ದು.
"ಕಲೆ ಏನೆಂದು ಕೇಳಬೇಡ. ಅದು ತಾನಾಗಿ ಹೇಳಿದರೆ
ಕೇಳಿಸದಂತೆ ಜೋರಾಗಿ ಒಗೆ."

ಈ ಸಲ ಬಂದವನು ಹಾಸನದ ಆಲೂಗಡ್ಡೆ ಮಂಡಿಯ
ತೂಕದ ಬೋರಲಿಂಗಯ್ಯ. ಹೊಸ ಪಂಚೆ, ಹಳೆಯ ಕೆಮ್ಮು.
ಹಿಂದಿನ ದಿನದಿಂದ ಅನ್ನ ಬಿಟ್ಟಿದ್ದ.
ಅವನ ನೆರಳು ಕೈಗೆ ಬಂತು: ಒದ್ದೆ ಗೋಣಿಯ ಭಾರ,
ಕೊಂಚ ಕೊಳೆತ ಗಡ್ಡೆಯ ವಾಸನೆ.
ಮೊದಲ ಹೊಡೆತಕ್ಕೆ ಸಣ್ಣಪುಟ್ಟ ಸುಳ್ಳುಗಳು ಬಿಟ್ಟವು,
ಮೀನುಗಳು ಮುತ್ತಿ, ಮುಖ ಸಿಂಡರಿಸಿ ಹೋದವು.
ಎರಡನೆಯದಕ್ಕೆ ತಕ್ಕಡಿಯ ಕಳ್ಳಗುಂಡು.
ಎದೆಯ ಹತ್ತಿರ ಹೆಬ್ಬೆರಳಗಲದ ಒಂದು ಕಲೆ
ಬಿಡಲಿಲ್ಲ. ಉಜ್ಜಿದೆ.
ಅದು ಹುಡುಗಿಯ ದನಿಯಲ್ಲಿ
"ಅಪ್ಪಯ್ಯಾ, ಬಾಗಿಲು ತೆಗೀ" ಅಂದಿತು.
ಜೋರಾಗಿ ಒಗೆದೆ. ಆದರೂ ಕೇಳಿಸಿತು.

ದಂಡೆಯ ಮೇಲೆ ಅವನು, ನೆರಳಿಲ್ಲದ ಆಸಾಮಿ,
ಅಂಚು ಮಾಸುತ್ತ ನಿಂತು ಕೂಗುತ್ತಿದ್ದ:
"ಉಜ್ಜವ್ವಾ! ಅದೊಂದಕ್ಕೇ ಬಂದದ್ದು ನಾನು.
ಮಿಕ್ಕದ್ದು ಇದ್ದರಿರಲಿ ಬುಡು. ಅದು ಹೋಗಲಿ."

ನೆರಳು ಅಲ್ಲಿ ತೆಳ್ಳಗಾಗಿತ್ತು. ಅದರಾಚೆ
ಕಲ್ಲಿನ ಸೀಳು ಕಾಣುತ್ತಿತ್ತು.
ಇನ್ನೊಂದು ಉಜ್ಜು, ಹರಿಯುತ್ತದೆ.
ಹರಿದರೆ ಏನೆಂದು ನನಗೆ ಗೊತ್ತು.

ಅತ್ತೆ ತನ್ನ ಮಗನ ನೆರಳನ್ನು
ಒಂದು ಚುಕ್ಕೆಯೂ ಉಳಿಯದಂತೆ ಒಗೆದವಳು.
ಹೊಸ ಸುಣ್ಣದಷ್ಟು ಬೆಳ್ಳಗಾಯಿತಂತೆ.
ಬೆಳ್ಳಗಾದ ಮೇಲೆ ನೆರಳೆಲ್ಲಿಯದು, ನೀರಿಗೆ ಸೇರಿತು.
ಅಂದಿನಿಂದ ನನ್ನ ಗಂಡ ಮಾಚಣ್ಣ
ಯಾರಿಗೂ ಕೆಟ್ಟದ್ದು ಬಯಸುವುದಿಲ್ಲ, ಯಾರನ್ನೂ ಗುರುತಿಸುವುದಿಲ್ಲ.
ಬಡಿಸಿದರೆ ಕೈಮುಗಿಯುತ್ತಾನೆ: "ಯಾವೂರಾಯ್ತು, ತಾಯಿ?"

ನಿಲ್ಲಿಸಿದೆ. ಹಿಂಡದೆ, ಒದರದೆ,
ಹಸಿ ನೆರಳನ್ನೇ ಬೋರಲಿಂಗಯ್ಯನ ಹಿಮ್ಮಡಿಗೆ ಒತ್ತಿದೆ.
ಅಷ್ಟರಲ್ಲಿ ಹುಲ್ಲುಕಡ್ಡಿಯೊಂದು ಕೂದಲಗಲ ಕಪ್ಪು ಚೆಲ್ಲಿತು.
ಹಿಡಿಯಿತು.
ಅವನು ಎದೆ ಮುಟ್ಟಿ ನೋಡಿಕೊಂಡ. ನನ್ನ ಏಳು ತಲೆಮಾರನ್ನೂ ಬೈದ.
ಗುಡಿಯೊಳಗೆ ಕಾಳಿಯ ಬಾಗಿಲ ಬೇತಾಳಗಳು
ತಮ್ಮ ಪಕ್ಕೆಲುಬು ಎಣಿಸಿಕೊಳ್ಳುತ್ತ ನಕ್ಕಿರಬೇಕು.
ಬೈದು ಬೈದು ಸಾಕಾಗಿ, ಕೆರೆಯ ಏರಿ ಮೇಲೆ ಕೂತು
ಮಗಳ ಹೆಸರು ಹಿಡಿದು ಅತ್ತ.
ಹೆಸರು ನೆನಪಿತ್ತು ಅವನಿಗೆ. ನಾನಿಲ್ಲಿ ಅದನ್ನು ಹೇಳುವುದಿಲ್ಲ.
ಕೂಲಿ ಕೊಡಲಿಲ್ಲ.

ಸಂಜೆ ಬಿಸಿಲು ಅಡ್ಡಡ್ಡ ಬಿತ್ತು.
ನೆರಳಿಲ್ಲದವನನ್ನು ಬಿಸಿಲು ಒಳಗಿನಿಂದ ಸುಡುತ್ತದೆ;
ಗಂಡನನ್ನು ಕರೆದು ನನ್ನ ನೆರಳಿನೊಳಗೆ ಕೂರಿಸಿಕೊಂಡೆ.
ಊರವರ ಕೊಳೆ ಸಿಡಿದು ಸಿಡಿದು
ಅದು ಹಂಡೆಯ ತಳದಷ್ಟು ಕಪ್ಪು.
ಒಂದು ದಿನವೂ ಒಗೆದದ್ದಿಲ್ಲ.
ಅವನು ಬೆನ್ನು ಆನಿಸಿ ಕಣ್ಣು ಮುಚ್ಚಿದ.
"ಒಳ್ಳೆ ತಂಪು," ಅಂದ. "ಯಾವ ಮರದ್ದು?"